ಲಕ್ಕಿ ಸೊಪ್ಪಿನ ಆರು ಲೇಖಕರು

ನಮ್ಮ ಕಾಲೇಜಿನ ನಿಯಮ ಬಹಳ ಸರಳ. ಸಂಶೋಧನಾ ಪತ್ರಿಕೆಯಲ್ಲಿ ನಿಮ್ಮ ಹೆಸರಿನ ಒಂದು ಪ್ರಬಂಧ ಅಚ್ಚಾದರೆ ನೌಕರಿ ಖಾಯಂ, ಇಲ್ಲದಿದ್ದರೆ ಇಲ್ಲ. ಸಂಶೋಧನೆ ಮಾಡುವುದು ಕಷ್ಟ, ಬರೆಯುವುದೂ ಕಷ್ಟ, ಬರೆದದ್ದರ ಮೇಲೆ ಹೆಸರು ಹಾಕಿಕೊಳ್ಳುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ನನ್ನಷ್ಟು ದಡ್ಡಿ ಇಡೀ ಯಲಹಂಕದಲ್ಲಿ ಇನ್ನೊಬ್ಬಳಿರಲಾರಳು!

ನಾನು ಗದಗಿನ ಕಡೆಯವಳು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಮನೆ ದಾಸರಹಳ್ಳಿ. ಎರಡು ಬಸ್ಸು ಬದಲಿಸಿ ಯಲಹಂಕದಾಚೆಯ ಫಾರ್ಮಸಿ ಕಾಲೇಜಿಗೆ ಪಾಠ ಮಾಡಲು ಹೋಗುತ್ತೇನೆ. ಸಂಶೋಧನೆಗೆ ನಾನು ಆರಿಸಿಕೊಂಡದ್ದು ಲಕ್ಕಿ ಸೊಪ್ಪು. ಬಾಣಂತಿಯ ಸ್ನಾನದ ನೀರಿಗೆ ಹಾಕುವ, ಮಂಡಿ ಊದಿದರೆ ಬಿಸಿ ಮಾಡಿ ಕಟ್ಟುವ ಅದೇ ಸೊಪ್ಪು. ಅದರ ಕಷಾಯಕ್ಕೆ ಬೆಳ್ಳಿಯ ದ್ರಾವಣ ಬೆರೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು ಹುಟ್ಟುತ್ತವೆ. ನ್ಯಾನೋ ಅನ್ನುತ್ತಾರಲ್ಲ, ಅದು. ತಿಳಿ ಹಳದಿ ನೀರು ಕಂದು ಬಣ್ಣಕ್ಕೆ ತಿರುಗಿದರೆ ಕಣ ಹುಟ್ಟಿತೆಂದು ಅರ್ಥ. ನನ್ನ ನೀರು ತಿಂಗಳುಗಟ್ಟಲೆ ಹಸಿರಾಯಿತು, ಕಪ್ಪಾಯಿತು, ಗಬ್ಬು ನಾರಿತು. ಕಂದು ಮಾತ್ರ ಆಗಲಿಲ್ಲ. ಕೊನೆಗೊಂದು ದಿನ ಆದಾಗ ಅದನ್ನು ಮೊದಲು ಕಂಡವರು ಲ್ಯಾಬಿನ ಅಟೆಂಡರ್ ಮುನಿಯಪ್ಪನವರು. ಶೆಟ್ಟಿಹಳ್ಳಿಯ ತಮ್ಮ ಮನೆ ಹಿತ್ತಲಿಂದ ನನಗೆ ಸೊಪ್ಪು ತಂದುಕೊಡುತ್ತಿದ್ದವರೂ ಅವರೇ.

"ಯಾರ್ ಮೇಡಂ ಇದು, ಕಾಫಿ ಡಿಕಾಕ್ಷನ್ ಇಂಗೆ ಬಿಟ್ಟೋಗಿರೋದು?" ಎಂದು ಸಿಂಕಿಗೆ ಚೆಲ್ಲಲು ಹೊರಟಿದ್ದರು. ಓಡಿ ಹೋಗಿ ಅವರ ಕೈ ಹಿಡಿದೆ!

ಆ ಕಣ ಬೆರೆಸಿದ ಮುಲಾಮನ್ನು ಇಲಿಯ ಊದಿದ ಪಾದಕ್ಕೆ ಹಚ್ಚಿ ಗಂಟೆಗೊಮ್ಮೆ ಊತ ಅಳೆಯಬೇಕು. ಸೂಜಿ ಚುಚ್ಚಿ ಊದಿಸುವವರೂ ನಾವೇ, ಇಳಿಸುವವರೂ ನಾವೇ. ಇಲಿಗೆ ಸಿಟ್ಟು ಬಂದದ್ದು ನ್ಯಾಯವೇ. ಒಂದು ಇಲಿ ನನ್ನ ಹೆಬ್ಬೆರಳು ಕಚ್ಚಿತು. ಬೆರಳು ಊದಿತು. ನನ್ನದೇ ಮುಲಾಮು ಎದುರಿಗಿತ್ತು, ಹಚ್ಚಿಕೊಳ್ಳುವ ಧೈರ್ಯ ಬರಲಿಲ್ಲ. ಆಸ್ಪತ್ರೆಗೆ ಓಡಿ ಸೂಜಿ ಹಾಕಿಸಿಕೊಂಡೆ. ಆದರೆ ಇಲಿಗಳ ಊತ ಇಳಿಯಿತು, ಕಣವಿಲ್ಲದ ಬರೀ ಮುಲಾಮು ಹಚ್ಚಿದ ಇಲಿಗಳಿಗಿಂತ ಬೇಗ ಇಳಿಯಿತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳು ಕೂತು ಬರೆದೆ. ನನ್ನ ಹೆಸರು ಮೊದಲು, ಗೈಡ್ ಆಗಿದ್ದ ವಿಭಾಗದ ಮುಖ್ಯಸ್ಥರ ಹೆಸರು ಎರಡನೆಯದು. ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ.

"ಸೂಪರ್ ಕಣಮ್ಮಾ! ಆದ್ರೆ ಗೈಡ್ ಹೆಸ್ರು ಮೊದ್ಲು ಬಂದ್ರೆ ಒಂದು ತೂಕ ಇರುತ್ತೆ."

"ಆಯ್ತು ಸರ್" ಎಂದೆ.

"ಪ್ರಿನ್ಸಿಪಾಲ್ರು ಸೈನ್ ಹಾಕಿಲ್ಲ ಅಂದಿದ್ರೆ ನಿಮಗೆ ಇಲಿ ಎಲ್ಲಿಂದ ಬರ್ತಿತ್ತು?"

ಪ್ರಿನ್ಸಿಪಾಲರು ಎರಡನೆಯವರಾದರು. ಇಲಿಗಳಿದ್ದ ಕಟ್ಟಡ ಕಟ್ಟಿಸಿದ ಪುಣ್ಯಕ್ಕೆ ಚೇರ್ಮನ್ನರು ಮೂರನೆಯವರಾದರು. ಕಣಗಳ ಗಾತ್ರ ಅಳೆಯುವ ಯಂತ್ರವನ್ನು ಅರ್ಧ ಗಂಟೆ ಮುಟ್ಟಲು ಬಿಟ್ಟ ಬೇರೆ ಕಾಲೇಜಿನ ಸ್ನೇಹಿತರೊಬ್ಬರು ನಾಲ್ಕನೆಯವರಾಗಿ ಬಂದರು. ಐದನೆಯವಳಾಗಿ ಪ್ರಿನ್ಸಿಪಾಲರ ಮಗಳೂ ಬಂದಳು. ಅವಳು ಒಂದೇ ಒಂದು ದಿನ ಲ್ಯಾಬಿಗೆ ಬಂದು, ಮೂಗು ಮುಚ್ಚಿಕೊಂಡು, ಬೋನಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದಳು. ಪ್ರತಿ ಹೆಸರಿಗೂ ನಾನು "ಆಯ್ತು ಸರ್" ಎಂದು ಒಂದೊಂದು ಮೆಟ್ಟಿಲು ಕೆಳಗಿಳಿದೆ. ಆರನೆಯವಳಾಗಿ ನಿಂತೆ. ಇರಲಿ, ಪಟ್ಟಿಯಲ್ಲಂತೂ ಇದ್ದೇನಲ್ಲ!

ಕಳಿಸುವ ದಿನ ಮುಖ್ಯಸ್ಥರು ಮತ್ತೆ ಕರೆದರು.

"ಒಂದ್ ಸಣ್ಣ ಪ್ರಾಬ್ಲಂ. ಪತ್ರಿಕೆಯೋರು ಆರು ಜನಕ್ಕಿಂತ ಜಾಸ್ತಿ ಬೇಡ ಅಂತಾರೆ. ಚೇರ್ಮನ್ ಅಳಿಯ ಇದಾರಲ್ಲ, ಡೆಂಟಿಸ್ಟು, ಅವರನ್ನ ಬಿಡಕ್ಕಾಗಲ್ಲ ಕಣಮ್ಮಾ."

"ಸರ್, ಇದು ಇಲಿ ಕಾಲಿನ ಊತ!"

"ವಸಡೂ ಊದ್ಕೊಳ್ಳುತ್ತಲ್ಲಮ್ಮಾ! ನೀವು ನಮ್ಮ ಮನೆ ಹುಡುಗಿ ಇದ್ದಂಗೆ. ನೆಕ್ಸ್ಟ್ ಪೇಪರಿಗೆ ನೀವೇ ಫಸ್ಟು."

ಆ ಕಾಗದಗಳನ್ನು ಅವರ ಮುಖಕ್ಕೆ ಎಸೆದು ಬರಬೇಕಿತ್ತು. ಆದರೆ ನೌಕರಿ ಖಾಯಂ ಮಾಡುವ ಸಮಿತಿಯಲ್ಲಿ ಕೂರುವವರೂ ಅವರೇ. "ಆಯ್ತು ಸರ್" ಎಂದೆ. ಅಷ್ಟಕ್ಕೇ ಮುಗಿಯಲಿಲ್ಲ. ಆನ್‌ಲೈನ್ ಫಾರಂ ತುಂಬಲು ಅವರಿಗೆ ಬರುತ್ತಿರಲಿಲ್ಲ. ನಾನೇ ಕೂತು ತುಂಬಿದೆ. ಆರನೆಯ ಮನೆಯಲ್ಲಿ ದಂತವೈದ್ಯರ ಹೆಸರು ಹಾಕಿ, ತಪ್ಪಿಲ್ಲದಂತೆ ಎರಡು ಸಲ ನೋಡಿದೆ!

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ಊಟದ ತಟ್ಟೆ ಸರಿಸಿಬಿಟ್ಟರು.

"ಹುಚ್ಚಿ ಏನ ನೀ? ಇಲಿ ಕಡದದ್ದು ನಿನಗ, ಹೆಸರು ಹಲ್ಲಿನ ಡಾಕ್ಟರಂದ? ಲಗ್ನಪತ್ರಿಕಿಯೊಳಗ ಮದುಮಗಳ ಹೆಸರ ಬಿಟ್ಟಂಗಾತಲ್ಲ!"

"ಮುಂದಿನದಕ್ಕ ನಂದ ಮೊದಲಂತ್ರೀ."

"ಮುಂದಿನದು ಬರಿಯೂದರಾಗ ಚೇರ್ಮನ್‌ಗೆ ಮೊಮ್ಮಕ್ಕಳು ಆಗಿರ್ತಾವ ತಗೋ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಅನ್ನ ಬಡಿಸಿದೆ.

ಪ್ರಬಂಧ ಅಚ್ಚಾಯಿತು. ಕಾಲೇಜಿನ ಗೇಟಿಗೆ ಆರೂ ಮುಖಗಳ ಫ್ಲೆಕ್ಸ್ ಬಿತ್ತು. ನಂತರ ಸಮಿತಿಯ ಮುಂದೆ ನನ್ನನ್ನು ಕರೆದರು. ಒಂದು ಕಡೆ ಪ್ರಿನ್ಸಿಪಾಲರು, ಇನ್ನೊಂದು ಕಡೆ ಮುಖ್ಯಸ್ಥರು, ನಡುವೆ ಹೊರಗಿನಿಂದ ಬಂದ ಹಿರಿಯ ಪ್ರೊಫೆಸರು. ಅವರು ನನ್ನ ಫೈಲು ತಿರುವಿ ಹಾಕಿ ಬೇಸರದಿಂದ ಕೇಳಿದರು:

"ಏನಮ್ಮಾ, ಇಷ್ಟು ವರ್ಷದಲ್ಲಿ ಒಂದೂ ಪ್ರಬಂಧ ಇಲ್ವಲ್ಲ? ನಿಮ್ಮ ಕಾಲೇಜಲ್ಲೇ ನೋಡಿ, ಒಬ್ಬ ಡೆಂಟಿಸ್ಟು, ಇನ್ನೂ ಓದ್ತಿರೋ ಒಂದು ಹುಡುಗಿ, ಎಷ್ಟು ಚೆನ್ನಾಗಿ ಕೆಲಸ ಮಾಡಿದಾರೆ! ಲಕ್ಕಿ ಸೊಪ್ಪು ಅಂತ ಕೇಳಿದೀರಾ?"

ಮುಖ್ಯಸ್ಥರು ಫ್ಯಾನು ನೋಡುತ್ತಿದ್ದರು. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ನೋಡುತ್ತಿದ್ದರು. ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇನ್ನು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ.

"ಕೇಳಿದೀನಿ ಸರ್."

"ಬರೀ ಕೇಳಿದ್ರೆ ಸಾಲದು. ಒಂದು ವರ್ಷ ಟೈಮ್ ಕೊಡ್ತೀವಿ. ಇದನ್ನ ಚೆನ್ನಾಗಿ ಓದಿ, ಹೇಗೆ ಬರೀಬೇಕು ಅಂತ ಕಲೀರಿ" ಎಂದು ಪ್ರಬಂಧದ ಪ್ರತಿಯನ್ನು ಮುಂದೆ ಚಾಚಿದರು.

ನಾನೇ ಬರೆದದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಖಂಡಿತ ಓದ್ತೀನಿ ಸರ್, ಥ್ಯಾಂಕ್ಯೂ" ಎಂದೆ. ಹೊರಗೆ ಬರುವಾಗ ಬಾಗಿಲನ್ನೂ ಸದ್ದಾಗದಂತೆ ಹಾಕಿಕೊಂಡೆ.