ಸೀಸ ಹುಡುಕಿದ ದಿನಗಳು

ಮನೆಯ ಡಬ್ಬಿ, ಪಾತ್ರೆಗಳನ್ನು ಪರೀಕ್ಷೆಗೆ ಹೊತ್ತುಕೊಂಡು ಹೊರಟವನಿಗೆ ನಗುವ ಮನಸ್ಸಿರುವುದಿಲ್ಲ. ಆದರೂ ನಗು ಬರುವಂಥದ್ದು ಆಗುತ್ತಲೇ ಇರುತ್ತದೆ.

ಅದೊಂದು ಗುರುವಾರ. ಮಾಗಡಿಯ ಶಾಲೆಯಲ್ಲಿ ಐದನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಕನಕಪುರದಲ್ಲಿ ನರ್ಸ್ ಆಗಿರುವ ಮಗಳ ಫೋನು ಬಂತು. "ಅಪ್ಪ, ಪಾಪು ರಕ್ತದಲ್ಲಿ ಸೀಸ ಜಾಸ್ತಿ ಇದೆಯಂತೆ."

ಪಾಪು ಅಂದರೆ ಅವಳ ಮಗಳು, ನನ್ನ ನಾಲ್ಕು ವರ್ಷದ ಮೊಮ್ಮಗಳು. ನನ್ನ ಬಳಿಯೇ ಇದ್ದಾಳೆ. ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು, ಅಡಿಗೆ ನನ್ನದೇ. ಹೊಟ್ಟೆನೋವೆಂದು ಮಗು ಅತ್ತಾಗ ಓಮದ ಕಷಾಯ ಕುಡಿಸುತ್ತಿದ್ದೆ. ನೋವು ನಿಲ್ಲದಾಗ ಮಗಳು ತನ್ನ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿದ್ದಳು. ಡಾಕ್ಟರು ಹೇಳಿದರು: "ಮನೆಯ ಯಾವ ವಸ್ತುವಿನಿಂದ ಬರ್ತಿದೆ ಹುಡುಕಿ. ಬಿಟ್ಟರೆ ಮಗುವಿನ ಬುದ್ಧಿಗೇ ಪೆಟ್ಟು."

ಅರಿಶಿನ

ಬಣ್ಣ ಬರಲೆಂದು ಅರಿಶಿನಕ್ಕೆ ಸೀಸ ಬೆರೆಸುವುದೂ ಉಂಟಂತೆ. ನಮಗೆ ಅರಿಶಿನ ಪುಡಿ ಮಾಡಿಸಿಕೊಡುವುದು ಪಕ್ಕದ ಮನೆಯಾಕೆ. ಪರೀಕ್ಷೆಗೆಂದು ಎರಡು ಚಮಚ ಕೇಳಿದೆ. ತಟ್ಟೆಯಲ್ಲಿ ಕುಂಕುಮ, ವೀಳ್ಯದೆಲೆ, ಬಾಳೆಹಣ್ಣು ಜೋಡಿಸಿ ತಂದರು.

"ಬರೀ ಅರಿಸ್ನ ಕೊಟ್ ಕಳ್ಸಕಾಯ್ತದಾ ಮೇಷ್ಟ್ರೇ? ಎಲ್ಲಾನೂ ಅಲ್ಲಿ ಕೊಟ್ಬುಡಿ."

ಮಾತು ಮೀರಲಾಗದೆ ಎಲ್ಲವನ್ನೂ ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ದೆ. ಅಲ್ಲಿಯ ಹುಡುಗಿ ಒಂದೊಂದಾಗಿ ತೆಗೆದಿಟ್ಟು ಕೇಳಿದಳು: "ಸಾರ್, ಬಾಳೆಹಣ್ಣಿಗೂ ವರದಿ ಬೇಕಾ?"

ಅರಿಶಿನದಲ್ಲಿ ಸೀಸ ಇರಲಿಲ್ಲ.

ಬೊಂಬೆ

ಪಾಪು ಸದಾ ಕಚ್ಚುವುದು ಚನ್ನಪಟ್ಟಣದ ಮರದ ಕುದುರೆ. ಮಾಡಿದವರನ್ನೇ ಹುಡುಕಿಕೊಂಡು ಹೋಗಿ ಬಣ್ಣದಲ್ಲಿ ಏನೇನಿದೆ ಎಂದು ಕೇಳಿದೆ. ಆ ಹಿರಿಯರಿಗೆ ಸಿಟ್ಟು ಬಂತು.

"ಅರಗು ಸಾಮಿ, ಅರಗು! ಮೂವತ್ ವರ್ಷದಿಂದ ಕಚ್ಚಿ ನೋಡೇ ಮಾರ್ತಾ ಇವ್ನಿ. ನಂಗೇನಾಗೈತೆ?"

ಹೇಳುತ್ತಲೇ ಕುದುರೆಯ ಕಿವಿ ಕಚ್ಚಿ ತೋರಿಸಿದರು. ಬಾಯಲ್ಲಿ ಇದ್ದದ್ದು ನಾಲ್ಕು ಹಲ್ಲು.

ಕುದುರೆಯ ವರದಿ ಅವರ ಪರವಾಗಿಯೇ ಬಂತು. ಹಲ್ಲಿನ ವಿಷಯ ನಾನು ಕೇಳಲಿಲ್ಲ.

ತಪ್ಪಲೆ

ಇನ್ನು ಉಳಿದದ್ದು ಹಿತ್ತಾಳೆ ತಪ್ಪಲೆ. ಬೆಳಿಗ್ಗೆ ಎದ್ದಾಗಲೆಲ್ಲ ಹೆಂಡತಿಯ ಒಲೆಯ ಮೇಲೆ ಅದನ್ನೇ ಕಂಡಿದ್ದೆ. ಅವಳ ಕೈಯ ರುಚಿ ಅದರಲ್ಲಾದರೂ ಉಳಿದಿರಲಿ ಎಂದು ದಿನವೂ ಸಾರಿಗೆ ಅದನ್ನೇ ಇಡುತ್ತಿದ್ದೆ, ಹುಣಸೆಹುಳಿ ಒಸಿ ಜಾಸ್ತಿಯೇ ಹಾಕಿ. ಪರೀಕ್ಷೆಗೆ ಕೊಡಬೇಕೆಂದಾಗ ಕಲ್ಯ ಗ್ರಾಮದಿಂದ ಬಂದಿದ್ದ ಅಕ್ಕ ಅದನ್ನು ಫಳಫಳ ಬೆಳಗಿ ಕೊಟ್ಟಳು. "ಕಿಲುಬು ಕಂಡ್ರೆ ಏನಂದ್ಕಂಡಾರು?"

ಅಷ್ಟು ಬೆಳಗಿದ್ದರೂ ಸೀಸ ಸಿಕ್ಕಿತು. ತಳದ ಹಳೆಯ ಬೆಸುಗೆಯಿಂದ ಹುಳಿಗೆ ಬಿಟ್ಟುಕೊಳ್ಳುತ್ತಿದೆ ಎಂದಳು ಪ್ರಯೋಗಾಲಯದ ಹುಡುಗಿ. "ಮೊದಲೂ ಇದರಲ್ಲೇ ಸಾರು ಮಾಡ್ತಿದ್ರಾ?"

ಇಪ್ಪತ್ತೆಂಟು ವರ್ಷ ಅದನ್ನು ಒಲೆಯ ಮೇಲೆ ನೋಡಿದ್ದೆ. ಒಳಗೆ ಬಗ್ಗಿ ನೋಡಿರಲಿಲ್ಲ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

"ಅದ್ರಲ್ಲಿ ಸಾರು ಮಾಡ್ತಿದ್ಯೇನೋ! ಅದು ನಿನ್ ಸ್ನಾನಕ್ಕೆ ನೀರು ಕಾಯಿಸ್ತಿದ್ದ ತಪ್ಪಲೆ ಕಣೋ!"

ಫೋನಿನ ದನಿ ಹುಡುಗಿಗೂ ಕೇಳಿಸಿತು. ಅವಳು ನಗು ತಡೆಯಲು ಮುಖ ತಿರುಗಿಸಿದಳು. ನಾನು ತಡೆಯಲಿಲ್ಲ; ಹೆಂಡತಿ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಪಾಪುವಿನ ರಕ್ತದ ಸೀಸ ಇಳಿದಿತ್ತು.