ಮೀಟರು ಕಂಡ ಕರೆಂಟು

ಆರಿಸುವ ಕೆಲಸ ನನಗೆ ಒಗ್ಗುವುದಿಲ್ಲ. ಹೋಟೆಲ್ಲಿನವನು ಒಂದೇ ಉಸಿರಿಗೆ ಇರುವ ತಿಂಡಿಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ, "ಮತ್ತೇನಿದೆ?" ಎಂದು ಕೇಳಿ, ಕೊನೆಗೆ ಒಗ್ಗರಣಿ-ಮಿರ್ಚಿಯನ್ನೇ ತಿಂದು ಬರುವ ಜಾತಿ ನನ್ನದು. ಇಂಥವನಿಗೆ ಕರೆಂಟು ಅಳೆಯುವ ಮಲ್ಟಿಮೀಟರ್ ಆರಿಸುವ ಪ್ರಸಂಗ ಬಂತು. ನಾನು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಆದರೆ ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಕೆಟ್ಟ ರೇಡಿಯೋ, ಚಾರ್ಜರು ಬಿಚ್ಚುವ ಹವ್ಯಾಸಿ ಎಂದು ಹೆಸರಿದೆ. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಬಗ್ಗೆ ಓಣಿಯವರು ಏನೂ ಹೇಳುವುದಿಲ್ಲ. ಮುಳ್ಳು ತಿರುಗಿ ಅಂಕಿ ತೋರಿಸುವ ನನ್ನ ಹಳೆಯ ಮೀಟರು ಮೇಜಿನಿಂದ ಬಿದ್ದು ಸತ್ತಿತ್ತು.

ಸಂಡೂರಿನ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಗೆಳೆಯನನ್ನು ಫೋನಿನಲ್ಲಿ ಕೇಳಿದೆ. "ಡಿಜಿಟಲ್ ತಗೊಳ್ಳೋ. ಆಟೋ ರೇಂಜ್ ಇರ್ಲಿ, ಟ್ರೂ ಆರೆಮ್ಮೆಸ್ ಇರ್ಲಿ" ಎಂದ. ಅರ್ಥವಾಗಲಿಲ್ಲ. ಅರ್ಥವಾಗದ್ದು ಒಳ್ಳೆಯದೇ ಇರಬೇಕೆಂದು ಹೊಸಪೇಟೆಯ ಅಂಗಡಿಗೆ ಹೋಗಿ, ಇದ್ದುದರಲ್ಲಿ ದೊಡ್ಡದನ್ನೇ ಹಿಡಿದುಕೊಂಡು ಬಂದೆ.

ಹೊಸ ಮೀಟರು ಮನೆಗೆ ಬಂದರೆ ಏನನ್ನಾದರೂ ಅಳೆಯಲೇಬೇಕು. ಮನೆಯಲ್ಲಿ ಆಗ ಕೆಟ್ಟದ್ದು ಒಂದೂ ಇರಲಿಲ್ಲ. ನನ್ನ ಹೆಂಡತಿ ಗಿರಿಜಾ ದೋಸೆ ಹಿಟ್ಟು ರುಬ್ಬಿ ಮಾರುತ್ತಾಳೆ. ಅಂದು ಸಂಜೆಯೊಳಗೆ ಗಾದಿಗನೂರಿನ ಒಂದು ನಾಮಕರಣದ ಮನೆಗೆ ಎರಡು ಬಕೆಟ್ ಹಿಟ್ಟು ಕೊಡಬೇಕಿತ್ತು. ಅಕ್ಕಿ, ಉದ್ದು ನೆನೆದು ಪಾತ್ರೆ ತುಂಬ ಉಬ್ಬಿ ಕುಳಿತಿದ್ದವು. ಚೆನ್ನಾಗಿಯೇ ಓಡುತ್ತಿದ್ದ ಅವಳ ಗ್ರೈಂಡರಿಗೆ ಮೀಟರಿನ ಕಡ್ಡಿ ಮುಟ್ಟಿಸಿದೆ. ಸ್ವಿಚ್ ಆರಿಸಿದ್ದರೂ ನಲವತ್ತು ವೋಲ್ಟ್ ತೋರಿಸಿತು! ಕಿಟಕಿಯ ಸರಳಿಗೆ ಹಿಡಿದೆ, ಅಲ್ಲೂ ಏನೋ ಅಂಕಿ. ಕಡ್ಡಿಗಳನ್ನು ನನ್ನ ಬೆರಳುಗಳಲ್ಲೇ ಹಿಡಿದೆ, ಅಲ್ಲಿಯೂ ಅಂಕಿ ಕುಣಿಯಿತು.

ನಿಜಕ್ಕೂ ಹೆದರಿದೆ. ಇಷ್ಟು ವರ್ಷ ಈಕೆ ಒದ್ದೆ ಕೈಯಲ್ಲಿ ಇದನ್ನೇ ಮುಟ್ಟುತ್ತಿದ್ದಳಲ್ಲ! "ಮುಟ್ಟಬ್ಯಾಡ! ಮನಿ ತುಂಬ ಕರೆಂಟ್ ಐತಿ. ನನ್ನ ಮೈಯಾಗೂ ಐತಿ!" ಎಂದು ಕೂಗಿದೆ.

"ಹಂಗಂದ್ರ ಮೊದ್ಲು ನಿಮ್ಮನ್ನ ಆಫ್ ಮಾಡ್ರಿ. ನನಗ ಅಕ್ಕಿ ರುಬ್ಬೋದೈತಿ" ಎಂದಳು ಗಿರಿಜಾ.

ನಾನು ಮೇನ್ ಸ್ವಿಚ್ಚನ್ನೇ ಆರಿಸಿ, ಮೀಟರನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಓಡಿದೆ. ಅಂಗಡಿಯವರು ಎಲ್ಲವನ್ನೂ ಕೇಳಿ, "ಕುಂದ್ರಿ ಸರ" ಎಂದು ಮೊದಲು ನೀರು ಕೊಟ್ಟರು.

"ಮೀಟರ್ ಸುಳ್ಳು ಹೇಳ್ತದೇನ್ರಿ?" ಎಂದೆ.

"ಇಲ್ರೀ. ಇದು ಭಾಳ ಸೂಕ್ಷ್ಮ. ಬಾಜೂಕ ಇನ್ನೊಂದು ವಾಯರ್ ಇದ್ರೂ ಸಾಕು, ಅದರದ್ದೂ ತೋರಸ್ತದ."

"ಹಂಗಾದ್ರ ಗ್ರೈಂಡರಿನಾಗ ಕರೆಂಟ್ ಐತೋ ಇಲ್ಲೋ?"

"ಐತ್ರಿ, ಆದ್ರ ಇಲ್ಲ."

ತಲೆ ಇನ್ನಷ್ಟು ಕೆಟ್ಟಿತು. ಅವರು ಮುಳ್ಳಿನದೊಂದು ಸಣ್ಣ ಮೀಟರನ್ನು ಮುಂದಿಟ್ಟರು. "ಇದಕ್ಕ ಅಷ್ಟೆಲ್ಲ ತಿಳಿಯಂಗಿಲ್ರಿ. ಕೆಲಸಕ್ಕ ಬೇಕಾದಷ್ಟು ಹೇಳಿ ಸುಮ್ಮನಿರ್ತದ. ನಿಮಗ ಯಾವ್ದು ಬೇಕು ಆರಿಸ್ಕೊಳ್ರಿ" ಎಂದರು. ಮತ್ತೆ ಆರಿಸಬೇಕು! ಕಣ್ಣು ಮುಚ್ಚಿ ಸಣ್ಣದಕ್ಕೆ ಬದಲಿಸಿಕೊಂಡು ಬಂದೆ.

ಓಣಿಯ ತಿರುವಿನಲ್ಲೇ ಗ್ರೈಂಡರಿನ ಸದ್ದು ಕೇಳಿಸಿತು. ನಾನು ಅತ್ತ ಹೋದದ್ದೇ ತಡ, ಗಿರಿಜಾ ಮೇನ್ ಸ್ವಿಚ್ ಹಾಕಿ, ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿ, ಒಂದು ಬಕೆಟ್ ರುಬ್ಬಿ ಮುಗಿಸಿದ್ದಳು. ಗ್ರೈಂಡರು ನಿಂತ ಮೇಲೆ ಕಡ್ಡಿ ಮುಟ್ಟಿಸಿದೆ. ಮುಳ್ಳು ಅಲುಗಲಿಲ್ಲ. ಹೋದ ಜೀವ ಬಂದಂತಾಯಿತು.

"ಭಾಳ ತಿಳಿದಿದ್ದು ಬ್ಯಾಡ, ಕೆಲಸಕ್ಕ ಆಗುವಷ್ಟು ತಿಳಿದ್ರ ಸಾಕು ಅಂತ ಇದನ್ನ ಆರಿಸಿದೆ" ಎಂದು ಜಂಬದಿಂದಲೇ ಹೇಳಿದೆ.

ಗಿರಿಜಾ ಹಿಟ್ಟು ಬಳಿಯುತ್ತಲೇ ಅಂದಳು: "ನಮ್ಮಪ್ಪನೂ ಅಳಿಯನ್ನ ಹುಡುಕುವಾಗ ಇದನ್ನಽ ಅಂದಿದ್ದ್ರಿ. ಕೆಲಸಕ್ಕ ಆಗ್ತಾನೋ ಇಲ್ಲೋ ಅಂತ ನಿಮಗೂ ಒಂದು ಸಲ ಕಡ್ಡಿ ಮುಟ್ಟಿಸಿ ನೋಡಿದ್ರ ಚಲೋ ಇತ್ತು."

ನಾನು ಮೀಟರನ್ನು ಮೇಜಿನ ಮೇಲಿಟ್ಟು, ತುಂಬಿದ ಎರಡೂ ಬಕೆಟ್ ಎತ್ತಿಕೊಂಡು ಆಟೋ ಕರೆಯಲು ಹೊರಟೆ.