ಒಂದು ಗುಂಡಿ, ಎರಡು ಗಂಟಲು

ಅನುಮಾನ ಪಡುವುದನ್ನು ನಾನು ಫೀಸು ಕಟ್ಟಿ ಕಲಿತವನು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ಬಂದ ಮೇಲೆ ನಾನು ಅನುಮಾನಿಸದೆ ಬಿಟ್ಟದ್ದು ಕಡಿಮೆ. ಜಾತಕವನ್ನು ಅನುಮಾನಿಸಿದೆ, ವಾಸ್ತುವನ್ನು ಅನುಮಾನಿಸಿದೆ, ನಮ್ಮ ಸೋದರತ್ತೆ ಹುಣಸೆಮರದಲ್ಲಿ ಕಂಡ ದೆವ್ವವನ್ನು ಅವಳ ಎದುರಿಗೇ ಅನುಮಾನಿಸಿ ಒಂದು ಹಬ್ಬದೂಟ ಕಳೆದುಕೊಂಡೆ. ನನ್ನ ನೆನಪೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ. ಈಗ ಐವತ್ತು ದಾಟಿದ ಮೇಲೆ ಅನುಮಾನವೆಂಬುದು ಊರೆಲ್ಲ ಸುತ್ತಿ ಕೊನೆಗೆ ಮನೆಗೇ ಬಂದಿದೆ. ಗ್ಯಾಸ್ ಆರಿಸಿದೆನೇ, ಗೇಟಿಗೆ ಬೀಗ ಹಾಕಿದೆನೇ, ಈ ಪಾಠವನ್ನು ಈ ಸೆಕ್ಷನ್ನಿಗೆ ನಿನ್ನೆಯೇ ಮಾಡಿದೆನೇ? ಬೀಗವನ್ನಾದರೆ ಹಿಂದಕ್ಕೆ ಹೋಗಿ ಎಳೆದು ನೋಡಬಹುದು. ಪಾಠವನ್ನು ಮತ್ತೊಮ್ಮೆ ಮಾಡಿದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ. ನನ್ನನ್ನು ನಿಜವಾಗಿ ಸೋಲಿಸಿದ್ದು ಫೋನಿನ ಸದ್ದು.

ನನ್ನ ಫೋನಿನ ಪಕ್ಕೆಯಲ್ಲಿ ಉದ್ದನೆಯ ಗುಂಡಿ ಒಂದೇ. ಒಳಗೆ ಮಾತ್ರ ಅದಕ್ಕೆ ಎರಡು ಗಂಟಲು: ಕರೆ ಬಂದಾಗ ಕೂಗುವುದು ಒಂದು, ಹಾಡು ಹೇಳುವುದು ಇನ್ನೊಂದು. ಹಾಡು ನಡೆಯುತ್ತಿರುವಾಗ ಗುಂಡಿ ಒತ್ತಿದರೆ ಹಾಡು ತಗ್ಗುತ್ತದೆ. ಸುಮ್ಮನಿದ್ದಾಗ ಒತ್ತಿದರೆ ಕರೆಯ ಸದ್ದು ತಗ್ಗುತ್ತದೆ. ಒತ್ತುವಾಗ ಯಾವುದು ನಡೆಯುತ್ತಿತ್ತು ಎಂಬುದು ಒತ್ತಿ ಮುಗಿದ ಮೇಲೆ ನನಗೆ ನೆನಪಿರುವುದಿಲ್ಲ. ಹೀಗಾಗಿ ಕೂಗಬೇಕಾದಾಗ ಅದು ಮೂಕ, ಮೂಕವಾಗಿರಬೇಕಾದಾಗ ಗೋಷ್ಠಿ ಗಾಯನ. ಎರಡನ್ನೂ ಮಟ್ಟಸ ಮಾಡಿಕೊಂಡು ಬದುಕುವವರು ಇದ್ದಾರೆ. ನನ್ನ ಹೆಂಡತಿ ಶಾರದ ಅಂಥವಳು. ಅವಳು ಫೋನಿನ ಮುಖ ನೋಡಿಯೇ ಯಾವ ಗಂಟಲು ತೆರೆದಿದೆ ಎಂದು ಹೇಳಬಲ್ಲಳು. ನನ್ನ ಮುಖ ನೋಡಿ ಯಾವುದನ್ನು ಮರೆತಿದ್ದೇನೆ ಎಂದೂ ಹೇಳಬಲ್ಲಳು.

ಇದೆಲ್ಲ ತಮಾಷೆಯಾಗಿಯೇ ಉಳಿಯಬಹುದಿತ್ತು, ನಮ್ಮ ಮಾವ ನಮ್ಮ ಮನೆಗೆ ಬಂದು ಇರದಿದ್ದರೆ. ಮಾವ ಎಂದರೆ ಶಾರದಳ ತಂದೆ. ದೊಡ್ಡಬಳ್ಳಾಪುರದ ಹಳೇ ಪೇಟೆಯಲ್ಲಿ ಮನೆಯ ನಡುಮನೆಯಲ್ಲೇ ಪವರ್‌ಲೂಮ್ ಮಗ್ಗಗಳನ್ನು ಹಾಕಿಕೊಂಡು ಸೀರೆ ನೇಯುತ್ತಿದ್ದವರು. ಅತ್ತೆ ತೀರಿಕೊಂಡರು, ಮಾವನ ಮೊಣಕಾಲು ಸೋತಿತು, ಆರ್ಡರು ಕಮ್ಮಿಯಾಯಿತು. ಇರುವವಳು ಒಬ್ಬಳೇ ಮಗಳು. ಮಗ್ಗ ಕೊಳ್ಳುವವರು ಸಿಗಲಿಲ್ಲ, ಎಲ್ಲರೂ ಮಾರುವವರೇ. ಕೊನೆಗೆ ಗುಜರಿಯವನು ಬಂದು ಬಿಚ್ಚಿ, ಕಬ್ಬಿಣದ ತೂಕಕ್ಕೆ ತೆಗೆದುಕೊಂಡು ಹೋದ. ಮಾವ ತಮ್ಮ ಟ್ರಂಕಿನೊಡನೆ ಅದೇ ಊರಿನ ದೇವನಹಳ್ಳಿ ರಸ್ತೆಯ ಹೊಸ ಬಡಾವಣೆಯಲ್ಲಿರುವ ನಮ್ಮ ಮನೆಗೆ ಬಂದರು. ಅಳಿಯನ ಮನೆಯಲ್ಲಿ ಇರುವುದು ಅವರಿಗೆ ಮುಜುಗರ. ಎರಡನೆಯ ಲೋಟ ಕಾಫಿಯನ್ನು ಬಾಯಿಬಿಟ್ಟು ಕೇಳಿದವರಲ್ಲ. ‘ಅಳಿಯಂದ್ರೇ, ನೀವು ಕುಡಿಯೋದಾದ್ರೆ ನಂಗೂ ಒಸಿ’ ಎನ್ನುತ್ತಿದ್ದರು. ಅವರಿಗಾಗಿ ನಾನು ಕುಡಿದ ಕಾಫಿಯಿಂದಲೇ ನನಗೆ ಎದೆಯುರಿ ಅಂಟಿಕೊಂಡಿತು.

ನಮ್ಮ ಬಡಾವಣೆ ಬಲು ನಿಶ್ಶಬ್ದ. ಅರ್ಧ ಸೈಟುಗಳಲ್ಲಿ ಕಲ್ಲು ನೆಟ್ಟಿದ್ದಾರೆ, ಮನುಷ್ಯರನ್ನು ಇನ್ನೂ ನೆಟ್ಟಿಲ್ಲ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ತಲೆಯ ಮೇಲೆ ಆಗಾಗ ಒಂದು ಗುಂಯ್ ಎನ್ನುತ್ತದೆ, ಅಷ್ಟೆ. ನಾವು ಈ ನಿಶ್ಶಬ್ದಕ್ಕಾಗಿಯೇ ಸಾಲ ಮಾಡಿದ್ದು. ಮಾವನಿಗೆ ಅದರಲ್ಲೇ ನಿದ್ದೆ ಹತ್ತಲಿಲ್ಲ. ಮಗ್ಗದ ಸದ್ದಿನಲ್ಲಿ ಹುಟ್ಟಿ, ಅದರಲ್ಲೇ ಉಂಡು ಮಲಗಿದವರು. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರು. ‘ಕಿವಿ ಖಾಲಿ ಹೊಡೀತದೆ ಕಣಮ್ಮಾ’ ಎಂದು ಮಗಳ ಹತ್ತಿರ ಹೇಳಿದರಂತೆ. ಆಗ ನನ್ನ ವಿಜ್ಞಾನ ಕೆಲಸಕ್ಕೆ ಬಂತು. ಹಳೇ ಪೇಟೆಗೆ ಹೋಗಿ, ಮಾವನ ಪಕ್ಕದ ಮನೆಯವರ ಮಗ್ಗದ ಮುಂದೆ ಫೋನು ಹಿಡಿದು ಸದ್ದನ್ನು ತುಂಬಿಸಿಕೊಂಡು ಬಂದೆ. ಮುಗಿದರೆ ಮತ್ತೆ ಮೊದಲಿನಿಂದ ನಡೆಯುವಂತೆ ಮಾಡಿ ಮಾವನ ತಲೆದಿಂಬಿನ ಪಕ್ಕ ಇಟ್ಟೆ. ಖಟಖಟ ಖಟಖಟ. ಮಾವ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. ‘ಅಲ್ಲಾ ಅಳಿಯಂದ್ರೇ, ಇಷ್ಟ್ರೊಳಗೆ ಹಾಕ್ಬಿಟ್ರಾ ಮಗ್ಗಾನ? ನಾವು ಸುಮ್ಕೆ ನಡುಮನೆಯೆಲ್ಲಾ ಹಾಳ್ ಮಾಡ್ಕೊಂಡಿದ್ವಲ್ಲ!’ ಎಂದರು. ಆಮೇಲೆ ನಿದ್ದೆ ಹೋದರು. ಗೊರಕೆ ಕೇಳಿ ಶಾರದ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಒಂದು ಮಧ್ಯಾಹ್ನ ನಾನು ಈ ಮನೆಯಲ್ಲಿ ಬುದ್ಧಿವಂತನೆನಿಸಿಕೊಂಡಿದ್ದೆ.

ಮುಂದಿನ ಭಾನುವಾರ ಮಾವ ಹೀಗೆಯೇ ಮಲಗಿದ್ದಾಗ ಒಂದು ಕರೆ ಬಂತು. ಕರೆ ಬಂದರೆ ಫೋನು ತಾನಾಗಿಯೇ ಹಾಡು ನಿಲ್ಲಿಸುತ್ತದೆ. ಮಗ್ಗ ನಿಂತಿತು. ನಾನು ಫೋನೆತ್ತಿಕೊಂಡು ವರಾಂಡಕ್ಕೆ ಓಡಿದೆ.

‘ಸರ್, ಏರ್‌ಪೋರ್ಟ್ ಹತ್ರ ಸೈಟ್ ಐತೆ ಸರ್. ತರ್ಟಿ ಫಾರ್ಟಿ. ಮನೆ ಮೇಲ್ ನಿಂತ್ರೆ ಫ್ಲೈಟ್ ಕಾಣ್ತದೆ.’

‘ನಮ್ಮನೆ ಮೇಲೆ ನಿಂತ್ರೂ ಕಾಣುತ್ತಪ್ಪ.’

‘ಹೌದಾ ಸರ್? ಹಂಗಾದ್ರೆ ನೀವು ಮಾರ್ತೀರಾ?’

ಅವನನ್ನು ಸಾಗಹಾಕಿ ಒಳಗೆ ಬಂದರೆ ಮಾವ ಎದ್ದು ಹಾಲಿನ ನಡುವೆ ನಿಂತಿದ್ದಾರೆ. ಒಂದು ಕೈ ಮುಂದಕ್ಕೆ ಚಾಚಿದೆ. ಕಣ್ಣು ಪೂರ್ತಿ ತೆರೆದಿಲ್ಲ. ‘ಎಳೆ ಕಡ್ದದೆ’ ಎಂದರು. ಆಮೇಲೆ ನನಗೆ ತಿಳಿದಂತೆ, ನೇಯುವವರ ಮನೆಯಲ್ಲಿ ಸದ್ದಿಗೆ ಯಾರೂ ಏಳುವುದಿಲ್ಲ. ಸದ್ದು ನಿಂತರೆ ಏಳುತ್ತಾರೆ. ಮಗ್ಗ ನಿಂತಿತೆಂದರೆ ಎಳೆ ಕಡಿದಿದೆ, ಎದ್ದು ಗಂಟು ಹಾಕಬೇಕು. ಜೀವಮಾನವೆಲ್ಲ ಎದ್ದವರು ಅಂದೂ ಎದ್ದಿದ್ದರು. ಟೀವಿ, ಸೋಫಾ, ನನ್ನ ಪುಸ್ತಕದ ಬೀರು ಎಲ್ಲವನ್ನೂ ನೋಡಿ, ‘ಮಗ್ಗ ಎಲ್ಲಿ?’ ಎಂದು ಕೇಳಿದರು.

ಸತ್ಯ ಹೇಳುವುದು ನನಗೆ ವಿದ್ಯೆಯಿಂದ ಬಂದ ಕಾಯಿಲೆ. ‘ಮಗ್ಗ ಕೊಟ್ಟುಬಿಟ್ವಲ್ಲ ಮಾವ’ ಎಂದೆ.

‘ಕೊಟ್ರಾ? ಯಾರಿಗೆ?’

‘ಗುಜರಿಗೆ.’

‘ತೂಕಕ್ಕಾ?’

‘ಹೂಂ.’

ಅವರು ಸೋಫಾದ ಅಂಚಿನಲ್ಲಿ ಕುಳಿತುಕೊಂಡರು. ಮುಖ ಆಗತಾನೆ ಸಾವಿನ ಸುದ್ದಿ ಕೇಳಿದವರ ಹಾಗಿತ್ತು. ಸ್ವಲ್ಪ ಹೊತ್ತಿಗೆ ನಿದ್ದೆ ಪೂರ್ತಿ ತಿಳಿದು, ಎಲ್ಲ ನೆನಪಾಗಿ, ‘ಹೌದಲ್ವಾ, ನಾನೇ ಒಪ್ಪಿ ಕೊಟ್ಟಿದ್ದು. ಮರ್ತೋಯ್ತು’ ಎಂದು ನಾಚಿಕೊಂಡರು. ಎಚ್ಚರವಾಗಿದ್ದಾಗ ಅವರ ನೆನಪು ನನ್ನದಕ್ಕಿಂತ ಗಟ್ಟಿ. ನಿದ್ದೆಗೂ ಎಚ್ಚರಕ್ಕೂ ನಡುವೆ ಒಂದು ಹೊಸ್ತಿಲಿದೆಯಲ್ಲ, ಅಲ್ಲಿ ಮಾತ್ರ ಮಗ್ಗಗಳು ಇನ್ನೂ ಇದ್ದವು. ಆ ಹೊಸ್ತಿಲ ಮೇಲೆ ಫೋನು ಬಂದಾಗಲೆಲ್ಲ ಅವರು ಮಗ್ಗಗಳನ್ನು ಹೊಸದಾಗಿ ಕಳೆದುಕೊಳ್ಳುತ್ತಿದ್ದರು. ಪ್ರತಿ ಸಲವೂ ಅದೇ ಪ್ರಶ್ನೆ: ‘ತೂಕಕ್ಕಾ?’

ನಾನು ಇದಕ್ಕೆ ಪರಿಹಾರ ಹುಡುಕಿದ ರೀತಿಯನ್ನು ನನ್ನ ವಿದ್ಯಾರ್ಥಿಗಳಿಗೆ ಯಾರೂ ಹೇಳದಿರಲಿ. ಕರೆಯ ಸದ್ದಿನಿಂದ ಅವರಿಗೆ ಎಚ್ಚರವಾಗುತ್ತದೆ ಎಂದು ತೀರ್ಮಾನಿಸಿ ಆ ಗಂಟಲನ್ನು ಹಿಸುಕುತ್ತಾ ಹೋದೆ. ಅರ್ಧ ಮಾಡಿದೆ, ಕಾಲು ಮಾಡಿದೆ, ಪೂರ್ತಿ ಮುಚ್ಚಿದೆ. ಸದ್ದೇ ಇಲ್ಲದೆ ಬಂದ ಕರೆಗೂ ಮಗ್ಗ ನಿಲ್ಲುತ್ತಿತ್ತು, ಮಾವ ಏಳುತ್ತಿದ್ದರು. ಆಗ ಮಗ್ಗದ ಸದ್ದನ್ನೇ ತಗ್ಗಿಸಿ ನೋಡೋಣವೆಂದು ಹೋಗಿ, ತಗ್ಗಿಸಿದೆನೋ ಏರಿಸಿದೆನೋ ಮರೆತು, ಅದೇ ಫೋನನ್ನು ಜೇಬಿಗೆ ಹಾಕಿಕೊಂಡು ಕಾಲೇಜಿಗೆ ಹೋದೆ. ನಿವೃತ್ತರಾಗಿದ್ದ ಒಬ್ಬ ಮೇಷ್ಟ್ರು ತೀರಿಕೊಂಡಿದ್ದರು, ಅಂದು ಅವರಿಗೆ ಸಂತಾಪ ಸಭೆ. ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದಾಗ ಜೇಬಿನಲ್ಲಿ ಬೆರಳು ತಾಗಿ ಮಗ್ಗ ಹೊರಟಿತು. ಗಾಬರಿಯಲ್ಲಿ ಗುಂಡಿಯ ತಪ್ಪು ತುದಿ ಒತ್ತಿದೆ, ಇನ್ನೂ ಜೋರಾಯಿತು. ಬೇರೆ ಊರಿನಲ್ಲಾಗಿದ್ದರೆ ಅದೇನು ಸದ್ದೆಂದು ತಿಳಿಯುತ್ತಿರಲಿಲ್ಲವೇನೋ. ದೊಡ್ಡಬಳ್ಳಾಪುರದಲ್ಲಿ ಆ ಸದ್ದು ತಿಳಿಯದವರು ಯಾರು? ಮೌನ ಮುಗಿದ ಮೇಲೆ ಪ್ರಿನ್ಸಿಪಾಲರು ನನ್ನ ಹತ್ತಿರ ಬಂದು, ‘ಏನ್ ಮೇಷ್ಟ್ರೇ, ಸೀರೆ ಮುಗೀತಾ? ಸೆರಗು ಬಾಕಿ ಇದ್ಯಾ?’ ಎಂದು ಕೇಳಿದರು.

ಶಾರದ ಈ ಪ್ರಯೋಗಗಳನ್ನೆಲ್ಲ ಸುಮ್ಮನೆ ನೋಡಿದಳು. ಒಂದು ಮಧ್ಯಾಹ್ನ ಮಗ್ಗ ನಿಂತು ಮಾವ ಎದ್ದು ಕೂತಾಗ ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಕೂಗಿದಳು: ‘ಕರೆಂಟ್ ಹೋಯ್ತು ಅಪ್ಪಾ! ಮಲಕ್ಕೋ.’

ಮಾವ, ‘ಥತ್, ಇವರ ಮನೆ ಹಾಳಾಗ’ ಎಂದು ಕರೆಂಟಿನವರನ್ನು ಬೈದುಕೊಂಡು, ಮಗ್ಗುಲು ಬದಲಿಸಿ, ನಿದ್ದೆ ಹೋದರು. ಎಳೆ ಕಡಿದರೆ ಏಳಬೇಕು. ಕರೆಂಟ್ ಹೋದರೆ ಮಲಗಬಹುದು. ನೇಕಾರನಿಗೆ ದೇವರು ಕೊಟ್ಟ ರಜೆ ಅದೊಂದೇ. ಆ ಮನೆಯಲ್ಲಿ ಹುಟ್ಟಿದವಳಿಗೆ ಇದು ಗೊತ್ತಿತ್ತು.

ನಾನು ತಕರಾರು ತೆಗೆದೆ. ‘ಸುಳ್ಳು ಹೇಳ್ತೀಯಲ್ಲ, ನಾಳೆ ಗೊತ್ತಾದ್ರೆ?’

‘ನಿಜ ಹೇಳಿ ಹೇಳಿ ಒಂದ್ ತಿಂಗಳಿಂದ ಅವರನ್ನ ಸಾಯಿಸ್ತಾ ಇದೀರಲ್ಲ, ಅದು ಪರವಾಗಿಲ್ವಾ ರೀ?’

ಆದರೂ ಸುಳ್ಳು ಹೇಳುವುದನ್ನು ತಪ್ಪಿಸಿಕೊಳ್ಳಲು ನಾನು ಇನ್ನೊಂದು ಉಪಾಯ ಹೂಡಿದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದೆ. ಮೇಲೆ ನಿಜವಾದ ವಿಮಾನಗಳು ಹೋಗುತ್ತಿದ್ದವು, ಕೆಳಗೆ ಚಾಪೆಯ ಮೇಲೆ ನಮ್ಮದೂ ಒಂದು. ಕರೆ ಬರುವಂತಿಲ್ಲ, ಮಗ್ಗ ನಿಲ್ಲುವಂತಿಲ್ಲ. ಒಂದೆರಡು ದಿನ ಮಾವ ಚೆನ್ನಾಗಿಯೇ ಮಲಗಿದರು. ಆಮೇಲೆ ನಿದ್ದೆಯ ನಡುವೆ ಕಣ್ಣು ಬಿಡಲು ಶುರು ಮಾಡಿದರು. ಒಂದು ದಿನ ಎದ್ದು ಕೂತು, ‘ಅಳಿಯಂದ್ರೇ, ಏನೋ ಸರಿ ಇಲ್ಲ. ಆವಾಗಿಂದ ಒಂದ್ ಎಳೆನೂ ಕಡಿದಿಲ್ಲ. ಲಾಳಿ ನೂಲಿಲ್ದೆ ಖಾಲಿ ಓಡ್ತಾ ಐತಾ ನೋಡಿ’ ಎಂದರು. ಒಮ್ಮೆಯೂ ನಿಲ್ಲದ ಮಗ್ಗ ಅವರಿಗೆ ಭಯ ಹುಟ್ಟಿಸಿತ್ತು. ಹಳೆಯ ಫೋನೊಂದಕ್ಕೆ ಸದ್ದು ತುಂಬಿಸಿಟ್ಟರಾಗದೇ ಎಂದು ನೀವು ಕೇಳಬಹುದು. ಅದಕ್ಕೂ ಕರೆ ಬರುವುದಿಲ್ಲ, ಮತ್ತೆ ಇದೇ ಕಥೆ. ಅವರಿಗೆ ಬೇಕಾಗಿದ್ದದ್ದು ಆಗಾಗ ನಿಲ್ಲುವ ಮಗ್ಗ, ಮತ್ತು ಎದ್ದೇಳಬೇಡಿ ಎಂದು ಹೇಳುವ ಒಬ್ಬರು.

ಹೀಗೆ ನಾನು ಸುಳ್ಳುಗಾರನಾದೆ. ಮೊದಲ ಸುಳ್ಳಿನ ದಿನ ‘ಕರೆಂಟ್ ಹೋಯ್ತು ಮಾವ’ ಎಂದೆ. ಮಾವ ಮಲಗಿದಲ್ಲಿಂದಲೇ ಮೇಲೆ ನೋಡಿ, ‘ಫ್ಯಾನ್ ತಿರುಗ್ತಾ ಐತಲ್ಲ?’ ಎಂದರು. ಆಗ ಎಲ್ಲಿಂದಲೋ ಹೊಳೆಯಿತು: ‘ಮಗ್ಗದ ತ್ರೀ ಫೇಸ್ ಹೋಗಿದೆ ಮಾವ. ಫ್ಯಾನಿನ ಸಿಂಗಲ್ ಫೇಸ್ ಇದೆ.’ ಮಾವ ‘ಹಂಗನ್ನಿ’ ಎಂದು ಕಣ್ಣು ಮುಚ್ಚಿದರು. ಭೌತಶಾಸ್ತ್ರ ನನಗೆ ಬದುಕಿನಲ್ಲಿ ನೇರವಾಗಿ ಉಪಯೋಗಕ್ಕೆ ಬಂದದ್ದು ಅದೊಂದು ಸಲ. ಕ್ರಮೇಣ ನುರಿತೆ. ಟ್ರಾನ್ಸ್‌ಫಾರ್ಮರ್ ಸುಟ್ಟಿತು, ಲೈನ್‌ಮ್ಯಾನ್ ಕಂಬದ ಮೇಲಿದ್ದಾನೆ, ಮಳೆಗೆ ತಂತಿ ಹರಿದಿದೆ ಎಂದು ಬಗೆಬಗೆಯಾಗಿ ಹೇಳಿದೆ. ಸೈಟು ಮಾರುವ ಹುಡುಗ ಕರೆ ಮಾಡದ ಭಾನುವಾರ ನನಗೇ ಕಸಿವಿಸಿಯಾಗುತ್ತಿತ್ತು.

ಮಾವ ಇಳಿಯುತ್ತಾ ಬಂದರು. ಊಟ ಕಡಿಮೆಯಾಯಿತು, ನಿದ್ದೆ ಹೆಚ್ಚಾಯಿತು. ಅವರು ಆಸ್ಪತ್ರೆ ಸೇರುವ ಮುಂಚಿನ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ನಾನೂ ಅವರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದ್ದೆ. ಕರೆ ಬಂತು, ಮಗ್ಗ ನಿಂತಿತು. ಅಂದಿನ ಸುಳ್ಳನ್ನು ಹುಡುಕುತ್ತಾ ನಾನು ಏಳುವಷ್ಟರಲ್ಲಿ ಮಾವ ಕಣ್ಣು ಮುಚ್ಚಿಕೊಂಡೇ ನನ್ನ ತೋಳಿನ ಮೇಲೆ ಕೈಯಿಟ್ಟರು. ‘ಕರೆಂಟ್ ಹೋಗಿರ್ತದೆ ಬಿಡಿ ಅಳಿಯಂದ್ರೇ. ನೀವೂ ಒಸಿ ಮಲಗಿ. ನಮ್ಮಿಂದ ನಿಮಗೂ ನಿದ್ದೆ ಇಲ್ಲ’ ಎಂದರು. ಅವರು ಮೊದಲಿನಿಂದಲೂ ಎಲ್ಲ ತಿಳಿದೇ ನಮಗಾಗಿ ಸುಮ್ಮನಿದ್ದರೋ, ಅಥವಾ ನಿಜವಾಗಿಯೂ ಕರೆಂಟ್ ಹೋಗಿದೆ ಎಂದುಕೊಂಡಿದ್ದರೋ ಕೇಳಬೇಕೆನಿಸಿತು. ಅವರು ಹೇಳಿದಂತೆ ಮಲಗಿಬಿಟ್ಟೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಂತೆ ಶಾರದ ಸದ್ದನ್ನು ತಕ್ಕಷ್ಟೇ ತಗ್ಗಿಸಿ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದುಕೊಂಡಿದ್ದಳು. ಅಲ್ಲೇ ಹೋದರು.

ಹನ್ನೊಂದನೆಯ ದಿನದ ಕೆಲಸಕ್ಕೆ ಬಂದಿದ್ದ ನೆಂಟರ ಮುಂದೆ ನಾನು ಈ ಕೊನೆಯ ಭಾನುವಾರದ ಮಾತನ್ನು ಹೇಳಿದೆ. ಎಲ್ಲರೂ ಕಣ್ಣು ಒರೆಸಿಕೊಂಡು, ‘ಪುಣ್ಯಾತ್ಮ, ನೆಮ್ಮದಿಯಾಗಿ ಹೋದ್ರು’ ಎಂದರು. ಅವರು ಹೋದ ಮೇಲೆ ಶಾರದ ಪಾತ್ರೆ ಎತ್ತಿಡುತ್ತಾ ಮೆಲ್ಲಗೆ ಕೇಳಿದಳು: ‘ಅಪ್ಪ ಯಾವಾಗ ರೀ ಹಂಗಂದಿದ್ದು? ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಎದ್ ಕೂತ್ರು. ಕರೆಂಟ್ ಹೋಗಿರ್ತದೆ, ಮಲಗಿ, ನಾನೂ ಮಲಗ್ತೀನಿ ಅಂತ ತೋಳು ಹಿಡ್ಕೊಂಡು ಹೇಳಿದ್ದು ನೀವು.’

‘ಅವರೇನಂದ್ರು?’

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಎತ್ತಿಟ್ಟಳು. ‘ತೂಕಕ್ಕಾ ಅಂದ್ರು’ ಎಂದಳು.

ನಾನು ಕುಳಿತು ಎಲ್ಲವನ್ನೂ ತೂಗಿ ನೋಡಿದ್ದೇನೆ. ಅವಳು ಎಚ್ಚರವಾಗಿದ್ದಳು, ನಾನು ಅರೆನಿದ್ದೆಯಲ್ಲಿದ್ದೆ. ಅವಳು ನಿಂತಿದ್ದಳು, ನಾನು ಮಲಗಿದ್ದೆ. ಅವಳ ನೆನಪು ತಪ್ಪಿದ್ದನ್ನು ನಾನು ಈವರೆಗೆ ಕಂಡಿಲ್ಲ, ನನ್ನದು ಸರಿಯಿದ್ದದ್ದನ್ನು ಅವಳು ಕಂಡಿಲ್ಲ. ಪರೀಕ್ಷೆಯ ಪೇಪರಾಗಿದ್ದರೆ ನನ್ನ ಉತ್ತರಕ್ಕೆ ನಾನೇ ಸೊನ್ನೆ ಹಾಕುತ್ತಿದ್ದೆ. ಆದರೆ ಮಾವ ಕೊನೆಗೆ ಹೇಗಿದ್ದರು ಎಂದು ಯಾರಾದರೂ ಕೇಳಿದಾಗ ನನ್ನ ಬಾಯಿಂದ ಬರುವುದು ನನ್ನ ಕಥೆಯೇ. ತೋಳಿನ ಮೇಲೆ ಅವರ ಕೈ, ಬಿಡಿ ಅಳಿಯಂದ್ರೇ, ನೀವೂ ಒಸಿ ಮಲಗಿ. ನಾನು ಹಾಗೆ ಹೇಳುತ್ತಿರುವಾಗ ಶಾರದ ಅಲ್ಲಿದ್ದರೆ, ಬಂದವರಿಗೆ ಕಾಫಿ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಾಳೆ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ತಿದ್ದದೆ ಬಿಟ್ಟವಳಲ್ಲ, ಇದೊಂದನ್ನು ಬಿಟ್ಟಿದ್ದಾಳೆ.